ಒಂದು ಗೆರೆ ನಾಲ್ಕಾದ ದಿನ

ಭದ್ರಾವತಿ ನ್ಯೂ ಟೌನ್, ಮಂಗಳವಾರ, 9 ಅಕ್ಟೋಬರ್ 2001

ಗೆದ್ದೆ! ಮನೆಯವರೆಲ್ಲ ಮಲಗಿದ್ದಾರೆ, ಕೂಗುವಂತಿಲ್ಲ. ಅದಕ್ಕೇ ಇಲ್ಲಿ ಕೂಗುತ್ತಿದ್ದೇನೆ.

ಬೆಂಗಳೂರಿಗೆ ಕಳಿಸಿದ್ದ ನನ್ನ ರೇನಿಯಂ ಸಂಯುಕ್ತದ ರಚನೆಯನ್ನು ಗೆರೆಗಳಲ್ಲಿ ತೋರಿಸುವ ಎನ್‌ಎಂಆರ್ ಹಾಳೆ ಕೊರಿಯರ್‌ನಲ್ಲಿ ಬಂತು. ಆಸ್ಪತ್ರೆಯ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ ವಿಕಿರಣ ಸೂಸುವ ಲೋಹ, ನಮ್ಮ ಲ್ಯಾಬಿಗೆ ಬರುವಂತಿಲ್ಲ. ಅದರ ಬದಲು ವೇಷ ಕಟ್ಟುವುದು ಅದೇ ಗುಣದ ಈ ರೇನಿಯಂ. ನಾನು ತಯಾರಿಸಿದ ಲೈಗಂಡ್ ಎಂಬ ಅಣುವನ್ನು ಅದು ಹಿಡಿದುಕೊಳ್ಳಬೇಕು.

ಹೋದ ಸಲ ಸ್ಯಾಂಪಲ್ ಟ್ಯೂಬನ್ನು ಅಸಿಟೋನ್‌ನಲ್ಲಿ ತೊಳೆದು, ಒಣಗಿಸದೆ ತುಂಬಿ ಕಳಿಸಿದ ಮಹಾನುಭಾವ ನಾನೇ. ಹಾಳೆಯ ತುಂಬ ಅಸಿಟೋನಿನದೇ ದರ್ಬಾರು. ನನ್ನ ಗೆರೆಗಳು ಕಾಣಲೇ ಇಲ್ಲ. "ರೇನಿಯಂ ನಿನ್ನ ಲೈಗಂಡನ್ನ ಹಿಡ್ಕೊಂಡೇ ಇಲ್ಲ ಮಾರಾಯ. ಇನ್ನೊಂದೇ ಸಲ ನೋಡ್ತೀನಿ, ಆಮೇಲೆ ಟಾಪಿಕ್ ಬದಲಾಯಿಸು" ಎಂದಿದ್ದರು ಗೈಡ್ ರುಕ್ಮಾಂಗದ ಸರ್. ಮೂರು ವರ್ಷದ ದುಡಿಮೆ!

ಇವತ್ತು ಸರ್ ಕನ್ನಡಕ ಏರಿಸಿ, ಸ್ಕೇಲ್ ಇಟ್ಟು ನೋಡಿದರು. ಬಿಡಿ ಲೈಗಂಡಿನಲ್ಲಿ ಒಂದೇ ಗೆರೆಯಿದ್ದ ಕಡೆ ಈಗ ನಾಲ್ಕು! ಲೋಹ ಬಿಗಿಯಾಗಿ ಹಿಡಿದದ್ದಕ್ಕೇ ಹಾಗೆ ಒಡೆದಿದೆ. ನಾನು ಸ್ಟೂಲ್ ಹತ್ತಿ "ಯಾರಲ್ಲಿ! ಜಯಭೇರಿ ಬಾರಿಸಿ!" ಎಂದು ಅಬ್ಬರಿಸಿದೆ.

"ಇಳಿಯೋ ಮಾರಾಯ, ಬರ್ನರ್ ಉರೀತಿದೆ!" ಎಂದು ಸರ್ ಗದರಿದರು.

ಪಕ್ಕದ ಬೆಂಚಿನ ಸುನಂದಾ, "ಅಸಿಟೋನ್ ಮಹಾರಾಜರು ಈ ಸಲ ದಯಮಾಡಿಸಲಿಲ್ವಾ?" ಎಂದು ಚುಚ್ಚಿದಳು. ಚುಚ್ಚಲಿ, ಇವತ್ತು ಎಲ್ಲವೂ ಚಪ್ಪಾಳೆಯೇ.

ಸರ್ ಇಷ್ಟು ದಿನ ನನ್ನ ಹಾಳೆಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಹಾಕುತ್ತಿದ್ದ ಆ ಪೆನ್ಸಿಲ್ ತೆಗೆದು, ನಾಲ್ಕು ಗೆರೆಗಳ ನೆತ್ತಿಯ ಮೇಲೆ ಬರೆದರು: 'ಥೀಸಿಸ್, ಅಧ್ಯಾಯ ಮೂರು.'  ಅಬ್ಬರಿಸುತ್ತಿದ್ದ ನಾನು ಮೆಲ್ಲಗೆ ಸ್ಟೂಲಿನಿಂದ ಇಳಿದು, ಆ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.