ಎರರ್ ನುಂಗುವ ಕೋಡ್

ಮಂಗಳವಾರ, ಜುಲೈ 15

ಆ ಕೋಡ್ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ನಿನ ಸೆನ್ಸರ್ ಅಪಾಯ ಕಂಡರೆ ಅಲರ್ಟ್ ಕಳಿಸುತ್ತದೆ. ಡೇಟಾಬೇಸಿನೊಳಗಿನ ಪ್ರೊಸೀಜರ್ ಎಂಬ ಕೋಡ್ ತುಣುಕು ಅದನ್ನು ದಾಖಲಿಸಿ ಸೂಪರ್‌ವೈಸರ್‌ಗೆ ತಿಳಿಸಬೇಕು. ದಾಖಲಿಸುವಾಗಲೇ ಎರರ್ ಬಂದರೆ? ಹಿಡಿ, ಏನೂ ಮಾಡಬೇಡ, ಮುಂದೆ ಹೋಗು. ಯಾರೋ ಹಾಗೆಂದೇ ಬರೆದಿಟ್ಟಿದ್ದಾರೆ.

ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ನಮ್ಮ ಚೆಕ್ಕರ್ ಇದನ್ನು ಹಿಡಿಯಬೇಕಿತ್ತು. ಅದರ ಬಾಯಿಯನ್ನೂ ಮುಚ್ಚಿಸಿದ್ದಾರೆ. ಮೇಲೊಂದು ಸಾಲು: ‘ಇದನ್ನು ನೋಡಬೇಡ’. ರಿಲೀಸ್ ದಿನ ಎಲ್ಲ ಹಸಿರಾಗಿ ಕಾಣಲಿ ಎಂದು ನಾವೆಲ್ಲರೂ ಹಾಕುವ ಸಾಲು.

ಟೀಮ್ ಲೀಡ್ ಭಾನುಪ್ರಕಾಶ್‌ಗೆ ತೋರಿಸಿದೆ. “ಹಳೇ ಕೋಡ್ ಮಗಾ, ಮುಟ್ಬೇಡ. ಇಷ್ಟ್ ವರ್ಷದಲ್ಲಿ ಒಂದ್ ಕಂಪ್ಲೇಂಟೂ ಬಂದಿಲ್ಲ.”

ಹೇಗೆ ಬರುತ್ತದೆ?

ಆ ಸಾಲು ತೆಗೆದೆ. ಎರರ್ ಬಂದರೆ ತೋರಿಸು ಎಂದು ಬರೆದು, ಸೆನ್ಸರ್‌ನ ಹಳೆಯ ಅಲರ್ಟುಗಳನ್ನು ಟೆಸ್ಟ್ ಕಾಪಿಯಲ್ಲಿ ಮತ್ತೆ ಓಡಿಸಿದೆ. ಪರದೆ ತುಂಬ ಕೆಂಪು, ಯಾರಿಗೂ ತಲುಪದೇ ಹೋದ ಅಲರ್ಟುಗಳ ಸಾಲು. ಒಂದೊಂದು ಸಾಲಿನ ಹಿಂದೆಯೂ ಒಂದು ಮೆಷಿನ್, ಅದರ ಮುಂದೆ ಒಬ್ಬ ಮನುಷ್ಯ. ಅವರಿಗೆಲ್ಲ ಏನಾಯಿತೋ. ಮನೆಗೆ ಬರುವಾಗ ವೈಟ್‌ಫೀಲ್ಡ್‌ನಿಂದ ಪೀಣ್ಯದವರೆಗೂ ಮೆಟ್ರೋದಲ್ಲಿ ಕಣ್ಣ ಮುಂದೆ ಅದೇ ಕೆಂಪು.

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೆಳಗಿನ ರೂಮಿನ ಕಾಡಪ್ಪ ಕೂತಿದ್ದರು. ಬಾಗಲಕೋಟೆ ಕಡೆಯವರು, ಇಲ್ಲೇ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ಮೇಲೆ ಕೆಲಸ. ಬಲಗೈಗೆ ಬಟ್ಟೆ ಸುತ್ತಿತ್ತು.

“ಏನಾಯ್ತಣ್ಣ?”

“ಏನಿಲ್ರಿ ಸರ, ಆರಾಮ್ ಅದೀನ್ರಿ.” ಕೈಯನ್ನು ಟವೆಲ್ಲಿನ ಕೆಳಗೆ ಸರಿಸಿಕೊಂಡರು.

ಸರಿ ಅಣ್ಣ ಎಂದು ಮೇಲೆ ಬಂದುಬಿಟ್ಟೆ. ನೋಡಿದೆ, ಏನೂ ಮಾಡಲಿಲ್ಲ, ಮುಂದೆ ಹೋದೆ.

ಕೆಳಗೆ ಇನ್ನೂ ಲೈಟ್ ಉರಿಯುತ್ತಿದೆ.