ಅಂಚೆ ಕಚೇರಿ ರಸ್ತೆಯ ಗುಂಡಿ

ಜುಲೈ ೧೪, ಸೋಮವಾರ

ಮೇಷ್ಟ್ರೇ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಎಲ್ಲರೂ ಅಂದರೆ ನಾನು, ಮತ್ತೆ ಕಾರು. ಕಾರಿಗೆ ಏಟು ಬಿದ್ದಿತ್ತು, ಈಗ ಗುಣವಾಗಿದೆ. ಆ ವಿಷಯಕ್ಕೇ ಬರೆಯುತ್ತಿದ್ದೇನೆ, ಏಕೆಂದರೆ ಕಾಗದಪತ್ರದಲ್ಲಿ ಅದು ಇನ್ನೂ ನಿಮ್ಮದೇ. ಹೆಸರು ಬದಲಾಯಿಸುವುದು ಮರೆತೇಹೋಯಿತು ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ಬದಲಾಯಿಸಲು ಕೈ ಬರಲಿಲ್ಲ.

ಏಪ್ರಿಲ್ ಕೊನೆಯ ಭಾನುವಾರ ಬೆಳಗ್ಗೆ ನಡೆದದ್ದು. ಹಿಂದಿನ ರಾತ್ರಿ ಮಳೆಯಾಗಿತ್ತು. ಬೇಕರಿ ದಾಟಿ ತಿರುಗುವಾಗ ರಸ್ತೆಯ ಎಡಗಡೆ ನೀರು ನಿಂತಿತ್ತು, ಅಂಗೈಯಷ್ಟು ಆಳವಿರಬಹುದೆಂದುಕೊಂಡೆ. ಮುಂದಿನ ಎಡಚಕ್ರ ಧಡಕ್ಕೆಂದು ಒಳಗಿಳಿಯಿತು. ಟೈರು ಹರಿದು, ರಿಮ್ಮು ಸೊಟ್ಟಗಾಗಿ, ಶಾಕ್ ಅಬ್ಸಾರ್ಬರ್ ಕಳಚಿಕೊಂಡಿತು. ನನಗೆ ತುಟಿ ಸ್ವಲ್ಪ ಒಡೆಯಿತು, ಅಷ್ಟೇ. ಬೇಕರಿಯವರು ಓಡಿ ಬಂದು ಒಂದು ಲೋಟ ನೀರು ಕೊಟ್ಟು, ಈ ತಿಂಗಳಲ್ಲಿ ನೀವು ನಾಲ್ಕನೆಯವರು ಅಂದರು, ಬಹುಮಾನ ಕೊಡುವವರ ಹಾಗೆ.

ಸುಮ್ಮನಿರಬಾರದು ಅನ್ನಿಸಿತು. ಗುಂಡಿಯೊಳಗೆ ಛತ್ರಿ ನಿಲ್ಲಿಸಿ ಫೋಟೋ ತೆಗೆದೆ. ಹಿಡಿಕೆ ಮತ್ತು ಇನ್ನೊಂದು ಗೇಣು ಮಾತ್ರ ಮೇಲೆ ಕಾಣುತ್ತಿತ್ತು. ಗ್ಯಾರೇಜಿನವರಿಂದ ಚೀಟಿ ಬರೆಸಿ, ಬೇಕರಿಯವರಿಂದ ಸಾಕ್ಷಿ ಹಾಕಿಸಿ, ನಗರಾಡಳಿತದ ಕಚೇರಿಗೆ ಪರಿಹಾರದ ಅರ್ಜಿ ಕೊಟ್ಟೆ. ಐದು ವಾರಕ್ಕೆ ಉತ್ತರ ಬಂತು. ಸದರಿ ಗುಂಡಿಯ ಬಗ್ಗೆ ಈ ಮುಂಚೆ ಯಾವುದೇ ದೂರು ಬಂದಿಲ್ಲ, ಗೊತ್ತೇ ಇರದ ಗುಂಡಿಗೆ ಕಚೇರಿ ಹೊಣೆಯಲ್ಲ, ಆದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಆ ಪತ್ರದಲ್ಲಿ ಏಳು ಕಾಗುಣಿತದ ತಪ್ಪುಗಳಿದ್ದವು. ಕೆಂಪು ಪೆನ್ನಿನಿಂದ ಗುರುತು ಹಾಕಿ ವಾಪಸ್ ಕಳಿಸೋಣವೆನ್ನಿಸಿತು. ನಿಮಗೆ ಗೊತ್ತಲ್ಲ, ಪ್ರೆಸ್ಸಿನಲ್ಲಿ ದಿನವಿಡೀ ಬೇರೆಯವರ ಅಕ್ಷರ ತಿದ್ದಿ ತಿದ್ದಿ ನನಗೆ ಅಂಟಿಕೊಂಡ ರೋಗ.

ಮರುದಿನ ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋದೆ. ದೂರು ವಿಭಾಗ ಕೆಳಮಹಡಿಯ ಕೊನೆಯಲ್ಲಿದೆ. ಒಂದು ಕಿಟಕಿ, ಎರಡು ಬೀರು, ಕಾಲು ಅಲ್ಲಾಡುವ ಮೇಜು. ಅಲ್ಲಿ ಕೂತಿದ್ದ ಹೆಂಗಸು ನಿವೃತ್ತಿಗೆ ಹತ್ತಿರದವರು. ಜೋರಿನವರೆಂದು ಅಂಜಿಕೊಂಡೇ ಮಾತಾಡಿಸಿದೆ, ಆದರೆ ಆಕೆ ಸಮಾಧಾನದಿಂದಲೇ ಪುಸ್ತಕ ತೆಗೆದು, ಅರ್ಜಿಯಲ್ಲಿದ್ದ ಆರನೇ ಅಡ್ಡರಸ್ತೆಯ ಹೆಸರಲ್ಲಿ ಒಂದು ದೂರೂ ಇಲ್ಲವೆಂದು ನನಗೇ ತೋರಿಸಿದರು. ಎದ್ದು ಬರಬೇಕು, ಅಷ್ಟರಲ್ಲಿ ನೆನಪಾಯಿತು, ಆ ರಸ್ತೆಯನ್ನು ನಾವು ಯಾವತ್ತೂ ಆ ಹೆಸರಿನಿಂದ ಕರೆದದ್ದಿಲ್ಲ. ಹಳೆ ಹೆಸರಲ್ಲಿ ಒಮ್ಮೆ ನೋಡಿ, ಅಂಚೆ ಕಚೇರಿ ರಸ್ತೆ ಅಂತ ಅಂದೆ. ಅಂಚೆ ಕಚೇರಿ ಎತ್ತಂಗಡಿಯಾಗಿ ಹನ್ನೆರಡು ವರ್ಷವಾಯಿತಲ್ಲಮ್ಮ, ಈಗ ಹಾಗೆ ಯಾರು ಕರೀತಾರೆ ಅನ್ನುತ್ತಲೇ ಆಕೆ ಬೀರುವಿನ ಕೆಳಗಿನ ಅರೆಯಿಂದ, ಎಲ್ಲಿಗೂ ಸೇರದ ದೂರುಗಳ ಕಟ್ಟು ಎಳೆದರು.

ಐದು ದೂರುಗಳಿದ್ದವು. ಜನವರಿಯಿಂದ ಏಪ್ರಿಲ್‌ವರೆಗೆ. ಕೊನೆಯದು ನಾನು ಗುಂಡಿಗೆ ಬೀಳುವುದಕ್ಕೆ ಒಂಬತ್ತು ದಿನ ಮುಂಚಿನದು.

ಹೆಸರು ಓದುವ ಮುಂಚೆಯೇ ಗೊತ್ತಾಯಿತು. ಒತ್ತಕ್ಷರವನ್ನು ಕೆಳಗಿನ ಸಾಲಿಗೆ ತಾಗುವಷ್ಟು ಇಳಿಬಿಡುವವರು ನನಗೆ ಗೊತ್ತಿರುವಂತೆ ಒಬ್ಬರೇ. ದುರಸ್ತಿ ಅನ್ನುವುದನ್ನು ಐದೂ ಕಡೆ ‘ದುರಸ್ಥಿ’ ಎಂದೇ ಬರೆದಿದ್ದೀರಿ. ಮದುವೆಯಾದ ವರ್ಷದಿಂದ ಹೇಳುತ್ತಿದ್ದೇನೆ. ಕೈ ತಾನಾಗಿಯೇ ಪೆನ್ಸಿಲ್ ಹುಡುಕಿತು.

ಆಕೆ ಕೊನೆಯ ದೂರನ್ನು ಗಟ್ಟಿಯಾಗಿ ಓದಿದರು. ‘ಈ ರಸ್ತೆಯಲ್ಲಿ ಒಬ್ಬರು ದಿನಾಲೂ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ತೀರಾ ಎಡಕ್ಕೆ ಸರಿದು ಓಡಿಸುವುದು ಅವರ ರೂಢಿ. ಮಳೆ ಬಂದರೆ ಗುಂಡಿ ಅವರಿಗೆ ಕಾಣಿಸುವುದಿಲ್ಲ. ದಯವಿಟ್ಟು ಮಳೆಗೆ ಮುಂಚೆ ಮುಚ್ಚಿಸಿ.’ ಓದಿ ಮುಗಿಸಿ, ನನ್ನ ಅರ್ಜಿ ಪಕ್ಕಕ್ಕಿಟ್ಟು ನೋಡಿ, ಕನ್ನಡಕ ತೆಗೆದರು. ಕಾರಿನ ಮಾಲೀಕರೂ ಇವರೂ ಒಬ್ಬರೇ ಅಲ್ಲವಾ, ಐದು ಸಲ ಬರೆದಿದ್ದಾರೆ, ಮನೆಯಲ್ಲಿ ನಿಮಗೆ ಒಂದು ಮಾತು ಹೇಳಲಿಲ್ಲವಾ ಎಂದು ಕೇಳಿದರು.

ಇಲ್ಲ, ಅವರು ಮಾತು ಕಡಿಮೆ ಅಂದೆ.

ಅಷ್ಟೇ ಹೇಳಿದೆ. ನೀವು ಒಳಕೋಣೆಯಲ್ಲಿ ಪೇಪರು ಓದುತ್ತಿರುವ ಹಾಗೆ ಹೇಳಿದೆ. ಸುಳ್ಳಾಡಿದೆನೆಂದು ಮನೆಗೆ ಬರುವವರೆಗೂ ಅನ್ನಿಸಲಿಲ್ಲ.

ಆವತ್ತು ಪ್ರೆಸ್ಸಿಗೆ ಹೋಗದೆ ಗೋದಾಮಿನ ಹಿಂದಿನ ಬಯಲಿಗೆ ಹೋದೆ. ಈಗ ಅಲ್ಲಿ ಬೇಲಿ ಹಾಕಿದ್ದಾರೆ. ಬೇಲಿಗೆ ಒರಗಿ ನಿಂತೆ. ನನಗೆ ಕಾರು ಕಲಿಸುವಾಗ ನೀವು ಅಲ್ಲೇ ನಾಲ್ಕು ಬಕೆಟ್ ಬೋರಲು ಹಾಕಿ, ಇವುಗಳ ನಡುವೆ ಹಿಂದಕ್ಕೆ ತನ್ನಿ ಅಂದಿದ್ದಿರಿ. ನಾನು ನಾಲ್ಕನ್ನೂ ಉರುಳಿಸಿದೆ, ಒಂದಂತೂ ಚಪ್ಪಟೆಯಾಯಿತು. ಬೇರೆ ವಿದ್ಯಾರ್ಥಿಗಳಿಗೆ ಕೊಡುವ ಹಾಗೆಯೇ ನನಗೂ ಬಹುವಚನ. ಕಾರಿನೊಳಗೆ ನಾನು ಮೇಷ್ಟ್ರು, ನೀವು ಕಲಿಯೋರು, ಕೆಳಗಿಳಿದ ಮೇಲೆ ಗಂಡ ಹೆಂಡತಿ ಅನ್ನುತ್ತಿದ್ದಿರಿ. ಬಾಗಿಲು ಹಾಕಿದ ತಕ್ಷಣ ‘ನೀನು’ ಶುರುವಾಗುತ್ತಿತ್ತು. ಆ ‘ನೀನು’ವಿಗೆ ಕಾಯುತ್ತಾ ನಾನು ಪಾಠ ಬೇಗ ಮುಗಿಯಲೆಂದು ಬೇಕಂತಲೇ ಗಾಡಿ ಆಫ್ ಮಾಡುತ್ತಿದ್ದೆ. ಇದು ನಿಮಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೇನೆ.

ಗುಂಡಿ ಕಂಡರೆ ಗುಂಡಿಯನ್ನೇ ನೋಡಬೇಡಿ, ಪಕ್ಕದ ದಾರಿ ನೋಡಿ, ಕಣ್ಣು ಹೋದ ಕಡೆ ಕೈ ಹೋಗುತ್ತೆ ಎಂದು ಎಷ್ಟು ಸಲ ಹೇಳಿದ್ದೀರೋ. ನಾವಿಬ್ಬರೂ ಅದನ್ನು ಕಾರಿಗೆ ಮಾತ್ರ ಅಂದುಕೊಂಡೆವು. ನಿಮ್ಮ ಡ್ರೈವಿಂಗ್ ಶಾಲೆ ಮುಚ್ಚಿದ ಮೇಲೆ ನೀವು ವರಾಂಡದ ಕುರ್ಚಿಯಲ್ಲಿ ಕೂತು ಬೀದಿ ನೋಡತೊಡಗಿದಿರಿ. ನಾನು ನಿಮ್ಮನ್ನು ನೋಡಿ ನೋಡಿ ಸಿಡುಕತೊಡಗಿದೆ. ಕೊನೆಗೆ ಅಣ್ಣ ಊಟಕ್ಕೆ ಬಂದ ದಿನ, ಅವನ ಎದುರಿಗೆ, ಗಾಡಿ ಕಲಿಸೋದು ಬಿಟ್ಟು ನಿಮಗೆ ಬೇರೇನು ಬರುತ್ತೆ ಎಂದು ಕೇಳಿಬಿಟ್ಟೆ. ನೀವು ಎದ್ದಿರಿ. ತಟ್ಟೆ ತೊಳೆದಿಟ್ಟು ಹೊರಗೆ ಹೋದಿರಿ. ಹದಿನೈದು ದಿನಕ್ಕೆ ಬಸ್ ಡಿಪೋದಲ್ಲಿ ಚಾಲಕರಿಗೆ ಕಲಿಸುವ ಕೆಲಸ ಹಿಡಿದು, ಅದರ ಹಿಂದೆಯೇ ಮನೆ ಮಾಡಿದಿರಿ. ನೀವೇ ಬಿಟ್ಟು ಹೋದಿರೆಂದು ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ನಾನು ಕೇಳಿದ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಅಣ್ಣನೂ ಹೇಳಲಿಲ್ಲ, ಅವನು ಒಳ್ಳೆಯವನು. ತಪ್ಪು ನನ್ನದು. ಇಷ್ಟು ಬರೆಯಲು ನಾಲ್ಕು ಹಾಳೆ ಹರಿದಿದ್ದೇನೆ.

ಡಿಪೋ ಊರಿನ ಆ ತುದಿ, ನಮ್ಮ ಬೀದಿ ಈ ತುದಿ. ಯಾವ ಕೆಲಸಕ್ಕೆ ಹೊರಟರೂ ನಿಮಗೆ ಬೇಕರಿಯ ತಿರುವು ದಾರಿಯಲ್ಲಿ ಸಿಗುವುದಿಲ್ಲ. ಆದರೂ ಜನವರಿಯಿಂದ ಆ ಗುಂಡಿ ಎಷ್ಟೆಷ್ಟು ಬೆಳೆಯಿತೆಂದು ನಿಮ್ಮ ಐದು ದೂರುಗಳಲ್ಲಿ ಅಳತೆ ಸಮೇತ ಇದೆ. ಯಾಕೆ ಬರುತ್ತಿದ್ದಿರೆಂದು ಕೇಳುವುದಿಲ್ಲ. ಬೇಕರಿಯವರನ್ನೂ ಕೇಳಿಲ್ಲ, ಅವರು ಹೇಳಲು ಬಾಯಿ ತೆರೆದರೂ ಬ್ರೆಡ್ಡು ತೆಗೆದುಕೊಂಡು ಬಂದುಬಿಟ್ಟೆ.

ನಿಮ್ಮ ದೂರುಗಳನ್ನು ಲಗತ್ತಿಸಿ ಮೇಲ್ಮನವಿ ಕೊಟ್ಟೆ. ಆಕೆಯೇ ಮುಂದೆ ನಿಂತು ಬರೆಸಿದರು. ಕಳೆದ ವಾರ ಮಂಜೂರಾಯಿತು. ಗುಂಡಿಯನ್ನೂ ಮುಚ್ಚಿದರು; ಡಾಂಬರು ಇನ್ನೂ ಕರ್ರಗೆ ಹೊಳೆಯುತ್ತಿದೆ, ರಸ್ತೆಗೆ ತೇಪೆ ಹಾಕಿದ ಹಾಗೆ. ಆದರೆ ಪರಿಹಾರದ ಚೆಕ್ಕು ಮಾಲೀಕರ ಹೆಸರಿಗೆ ಬಂದಿದೆ, ಮಾಲೀಕರೇ ಖುದ್ದಾಗಿ ಬಂದು ಸಹಿ ಹಾಕಬೇಕಂತೆ. ಗುರುವಾರ ಹನ್ನೊಂದು ಗಂಟೆಗೆ ಬರಹೇಳಿದ್ದಾರೆ. ನೀವೊಬ್ಬರೇ ಹೋಗಿ ಸಹಿ ಹಾಕಿ ಬರಬಹುದು, ನಾನಿರಲೇಬೇಕೆಂದಿಲ್ಲ. ಹಾಗೆಂದು ಆಕೆಯೇ ಹೇಳಿದರು. ನಾನು ಅರ್ಧ ದಿನ ರಜೆ ಬರೆದುಕೊಟ್ಟಿದ್ದೇನೆ.

ಕೆಮ್ಮು ಹೇಗಿದೆ? ಮಳೆಗಾಲದಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂರಬೇಡಿ.

ಇಂತಿ,
ಇವಳು

ತಾ.ಕ.: ಅರ್ಜಿಯಲ್ಲಿ ‘ಅವಘಡದ ವೇಳೆ ಎಲ್ಲಿಗೆ ಹೋಗುತ್ತಿದ್ದಿರಿ’ ಎಂಬ ಕಾಲಂ ಇತ್ತು. ‘ಸ್ವಂತ ಕೆಲಸ’ ಎಂದು ಬರೆದೆ. ಡಿಪೋಗೆ ಭಾನುವಾರ ರಜೆಯೆಂದು ವಿಚಾರಿಸಿಕೊಂಡು ನಿಮ್ಮ ಮನೆಗೇ ಹೊರಟಿದ್ದೆ. ಅದಕ್ಕೆ ಮುಂಚೆ ಎರಡು ಭಾನುವಾರ ನಿಮ್ಮ ಗೇಟಿನವರೆಗೆ ಬಂದು, ಎಂಜಿನ್ ಆರಿಸದೆಯೇ ವಾಪಸಾಗಿದ್ದೆ. ಆವತ್ತು ಬಾಗಿಲು ತಟ್ಟುವುದೆಂದು ನಿಶ್ಚಯ ಮಾಡಿಕೊಂಡಿದ್ದೆ.