ಚಹಾ ಡಬ್ಬಿಯ ತಪ್ಪಲ್ಲ

ಯಲಬುರ್ಗಾ
ತಾ. ೧೬ ಮಾರ್ಚ್ ೧೯೩೮

ಚಿರಂಜೀವಿ ಈಶಪ್ಪನಿಗೆ ಅವ್ವನ ಆಶೀರ್ವಾದ.

ಮೈಯಲ್ಲಿ ಹುಷಾರಾಗಿದ್ದೀಯಾ? ಪುಣೆಯ ನೀರು ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಎಂಜಿನ್ ಕಂಡ ಕೂಡಲೇ ಹಸಿವೆ ಮರೆಯುತ್ತೀಯೋ? ಮನೆ ಬಿಟ್ಟು ಎರಡು ತಿಂಗಳಾಯಿತು, ಒಂದು ಕಾರ್ಡು ಬರೆಯಬಾರದೇ? ನಿನ್ನ ವಿಳಾಸವನ್ನು ಡ್ರೈವರ್ ಅಮೀನಸಾಬನಿಂದ ಇಸಿದುಕೊಂಡೆ. ಹೆತ್ತವಳಿಗಿಂತ ಅವನೇ ನಿನಗೆ ಹತ್ತಿರದವನಾದ. ಇರಲಿ, ಬೈಯಲು ಕುಳಿತಿಲ್ಲ. ನಿನ್ನ ತಂಗಿ ಶೇಖರಮ್ಮನಿಗೆ ಹೆಣ್ಣು ಕೂಸು ಹುಟ್ಟಿದೆ. ತಾಯಿ ಮಗು ಇಬ್ಬರೂ ಕ್ಷೇಮ. ನನಗೆ ಈಗ ಹೋದ ಜೀವ ಬಂದಂತಾಗಿದೆ.

ಆಚೆ ಸೋಮವಾರ ಬೆಳಿಗ್ಗೆ ಬೇನೆ ಶುರುವಾಯಿತು. ಸೂಲಗಿತ್ತಿ ಹಜರತಬೀ ಹೊಟ್ಟೆ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದಳು. "ಕೂಸು ಅಡ್ಡ ಐತ್ರಿ. ಇದು ನನ್ನ ಕೈಲೆ ಆಗೂದಲ್ಲ, ಕೊಪ್ಪಳದ ದವಾಖಾನಿಗೆ ಒಯ್ರಿ" ಎಂದಳು. ಚಕ್ಕಡಿ ಕಟ್ಟಿದರೆ ಸಂಜೆಯಾಗುತ್ತಿತ್ತು. ಇದ್ದುದು ನಮ್ಮ ಮೋಟಾರು ಒಂದೇ. ಅದರ ಗತಿ ಏನೆಂದರೆ, ನೀನು ಹೋದ ಮೇಲೆ ಗಾಳಿ ಎಳೆಯುವ ಬಾಯಿಗೆ ನೀನು ಕಟ್ಟಿದ್ದ ಧೂಳು ಸೋಸುವ ಡಬ್ಬಿ ಇಲ್ಲದೆ ದಾರಿಯ ಧೂಳನ್ನೆಲ್ಲ ನುಂಗಿ, ಊರ ಹೊರಗೆ ಹೋಗುವಷ್ಟರಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಅಮೀನಸಾಬ ನಿಮ್ಮಪ್ಪನವರ ಮುಂದೆ ಕೈಮುಗಿದ. "ಸಾವ್ಕಾರ್ರ, ಈಶಪ್ಪಣ್ಣನ ಡಬ್ಬಿ ಕಟ್ಟಲಿಲ್ಲಂದ್ರ ಗಾಡಿ ನಡು ದಾರ್‍ಯಾಗ ನಿಂದರತೈತ್ರಿ." ಅವರು ಉರಿದು ಬಿದ್ದರು. "ಬೀಗರ ಮುಂದ ನನ್ನ ಮರ್ಯಾದಿ ಕಳದಿದ್ದು ಆ ಡಬ್ಬೀನ ಅಲ್ಲೇನೋ!"

ಆ ದಿನ ನಿನಗೂ ನೆನಪಿದೆ. ಕುಷ್ಟಗಿಯಿಂದ ಬೀಗರನ್ನು ಕರೆತರುವಾಗ ಗಾಡಿ ಬಿಸಿಲಲ್ಲಿ ನಿಂತಿತು. ಅಮೀನಸಾಬ ಡಬ್ಬಿ ಕಿತ್ತ ಮೇಲೆಯೇ ಚಾಲೂ ಆಯಿತು. ಇನ್ನೇನು ಸಾಕ್ಷಿ ಬೇಕು? ಮನೆಗೆ ಬಂದವರೇ ನಿಮ್ಮಪ್ಪ ಡಬ್ಬಿಯನ್ನು ಹತ್ತಿಯ ಕೋಣೆಗೆ ಎಸೆದು ಬೀಗರೆದುರಿಗೇ ನಿನ್ನನ್ನು ಬಾಯಿಗೆ ಬಂದಂತೆ ಬೈದರು. ನೀನೂ ಡಬ್ಬಿ ಬಿಚ್ಚಿ ನೋಡಲಿಲ್ಲ, ಗಂಟು ಕಟ್ಟಿಕೊಂಡು ಹೊರಟೆ. ಸಿಟ್ಟಿನಲ್ಲಿ ನೀನು ಅಪ್ಪನ ಮಗನೇ.

ಈಶಪ್ಪಾ, ಬಿಚ್ಚಿದ್ದರೆ ಒಳಗೆ ನನ್ನ ನೀರು ಸೋಸುವ ಅರಿವೆ ಸಿಗುತ್ತಿತ್ತು.

ಆ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ಡಬ್ಬಿಯೊಳಗೆ ಇಣುಕಿದೆ. ಚಹಾ ಡಬ್ಬಿಗೆ ಮೊಳೆಯಿಂದ ತೂತು, ಒಳಗೆ ಔಡಲೆಣ್ಣೆಯಲ್ಲಿ ಅದ್ದಿದ ತೆಂಗಿನ ನಾರು, ಅಷ್ಟೇ. ಕುಡಿಯುವ ನೀರನ್ನೇ ನಾವು ನಾಲ್ಕು ಪದರು ಅರಿವೆಯಲ್ಲಿ ಸೋಸುತ್ತೇವೆ, ಬೀಗರು ಕೂರುವ ಗಾಡಿಗೆ ಬರೀ ನಾರೇ ಎನಿಸಿತು. ಒಗೆದ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ನಾರಿನ ಕೆಳಗಿಟ್ಟು, ನಿನಗೆ ಉಪಕಾರ ಮಾಡಿದೆನೆಂದು ಹಿಗ್ಗಿದೆ. ನೀರು ಹನಿ ಹನಿಯಾಗಿ ಇಳಿದರೂ ಕೊಡ ಕಾಯುತ್ತದೆ. ಎಂಜಿನ್ ಉಸಿರು ಕಟ್ಟಿ ಸಾಯುತ್ತದೆಂದು ನನಗೇನು ಗೊತ್ತು? ಅಪ್ಪ ಬೈಯುವಾಗಲೇ ನನಗೆ ಹೊಳೆಯಿತು. ಬೀಗರೆದುರು ನಾಲಿಗೆ ಏಳಲಿಲ್ಲ. ಆಮೇಲೆ ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಎರಡು ತಿಂಗಳು ಕಳೆದೆ. ಒಂದು ದಿನವೂ ರೊಟ್ಟಿ ರುಚಿಸಲಿಲ್ಲ.

ಸೋಮವಾರ ಶೇಖರಮ್ಮ ಒಳಗೆ ಚೀರುತ್ತಿದ್ದಳು. ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ನಿಮ್ಮಪ್ಪ ನೆಟ್ಟಗೆ ಹತ್ತಿಯ ಕೋಣೆಗೆ ಹೋಗಿ ಡಬ್ಬಿ ಹುಡುಕಿ ತಂದರು, ಅರಿವೆ ಕಿತ್ತೆಸೆದರು, ನಾರಿಗೆ ಹೊಸ ಎಣ್ಣೆ ಸುರಿದು ತಮ್ಮ ಕೈಯಾರೆ ಕಟ್ಟಿದರು. ಗಾಡಿ ಎಲ್ಲಿಯೂ ಕೆಮ್ಮದೆ ಕೊಪ್ಪಳ ಮುಟ್ಟಿತು. ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಮನಸಾರೆ ಅತ್ತೆ. ಎರಡು ತಿಂಗಳ ಭಾರವೂ ಅಲ್ಲೇ ಇಳಿಯಿತು.

ನಿನ್ನ ಹೆಸರು ಕೆಟ್ಟದ್ದು ನನ್ನಿಂದ. ಮಗನಿಗೆ ತಪ್ಪಾಯಿತೆಂದು ಬರೆಯುವುದು ಹೇಗೆಂದು ಸಾಲೆಯಲ್ಲಿ ಕಲಿಸಿರಲಿಲ್ಲ, ಇಷ್ಟರಲ್ಲೇ ತಿಳಿದುಕೊ. ಶೇಖರಮ್ಮ ಅಣ್ಣನಿಗೆ ಶರಣು ಹೇಳಿದ್ದಾಳೆ. ಕೂಸಿನ ಮೂಗು ನಿನ್ನದೇ, ಪಾಪ. ನೂರು ಕಾಲ ಬಾಳು.

ನಿನ್ನ ಅವ್ವ,
ಪಾರ್ವತೆಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಬಾಣಂತಿಯನ್ನು ಮನೆಗೆ ಕರೆತಂದು ನಾಲ್ಕು ದಿನವಾದರೂ ನಿಮ್ಮಪ್ಪ ಕೆಲಸವಿದೆ ಎಂದು ದಿನಾ ಕೊಪ್ಪಳಕ್ಕೆ ಹೋಗುತ್ತಾರೆ. ಏನು ಕೆಲಸವೆಂದು ಅಮೀನಸಾಬನನ್ನು ಗದರಿಸಿ ಕೇಳಿದೆ. "ಸ್ಟೇಶನ್ದಾಗ ಗದಗಿನ ಗಾಡಿ ಬರೂತನಕ ನಿಂದರತಾರ್ರಿ ಅವ್ವಾರ. ಮಂದಿ ಎಲ್ಲಾ ಇಳದ ಮ್ಯಾಲ ಸುಮ್ನ ಬಂದ ಕುಂದರತಾರ್ರಿ" ಎಂದ. ಪುಣೆಯಿಂದ ಬರುವವರು ಆ ಗಾಡಿಯಲ್ಲೇ ಬರಬೇಕು. ಬಾ ಎಂದು ನಿನಗೆ ಯಾರೂ ಬರೆದಿರಲಿಲ್ಲ. ಈಗ ನಾನು ಬರೆದಿದ್ದೇನೆ.